ಕೊಯ್ಯಬಾರದ ಕುದುರೆ

“ಇದನ್ನ ಕೊಯ್ಯೋ ಹಂಗಿಲ್ಲ ಮೇಸ್ತ್ರಿ,” ಎಂದ ಪಶುವೈದ್ಯ, ಕೈಯಲ್ಲಿದ್ದ ಪುಸ್ತಕದಿಂದ ಕಣ್ಣೆತ್ತದೆ.

ಪಂತಲೇಯೊ ಆಗಲೇ ರಬ್ಬರ್ ಬೂಟು ಹಾಕಿಕೊಂಡು, ಏಪ್ರನ್ನಿನ ದಾರವನ್ನು ಬೆನ್ನ ಹಿಂದಿನಿಂದ ತಂದು ಹೊಟ್ಟೆಯ ಮೇಲೆ ಗಂಟು ಹಾಕುತ್ತಿದ್ದ. ಗಂಟು ಅರ್ಧಕ್ಕೇ ನಿಂತಿತು. ಕಸಾಯಿಖಾನೆಯ ಸಿಮೆಂಟು ನೆಲವನ್ನು ಈಗಷ್ಟೇ ತೊಳೆದಿದ್ದರು. ಕೆಂಪು ಬಣ್ಣದ ಹೆಣ್ಣು ಕುದುರೆ ಬಾಗಿಲ ಹೊರಗೆ ನಿಂತು, ಒದ್ದೆ ನೆಲದ ಕಡೆ ಮೂಗು ಚಾಚಿ, ಇಷ್ಟವಾಗದೆ ಹಿಂದಕ್ಕೆಳೆದುಕೊಂಡಿತು.

“ಯಾಕೆ, ಜ್ವರ ಇದ್ಯಾ?”

“ಕುದುರೆಗೇನೂ ಇಲ್ಲ. ನಿಮ್ಮಿಬ್ಬರಲ್ಲಿ ಅದೇ ಗಟ್ಟಿಯಾಗಿದೆ. ಇಲ್ನೋಡಿ, ‘ಮನುಷ್ಯರ ಆಹಾರಕ್ಕಲ್ಲ’ ಅನ್ನೋ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಯಜಮಾನ ಸಹಿ ಮಾಡಿದಾನೆ. ಒಂದ್ಸಲ ಇಲ್ಲಿ ಸಹಿ ಬಿತ್ತು ಅಂದ್ರೆ ಮುಗೀತು. ದೇವರೇ ಬಂದು ಅಳಿಸ್ತೀನಿ ಅಂದ್ರೂ ಆಗಲ್ಲ. ನೀವು ತರೋಕೆ ಮುಂಚೆ ಪುಸ್ತಕ ತೆಗೆದು ನೋಡ್ಲಿಲ್ವಾ?”

ವೈದ್ಯ ಹೊಸಬ, ಉತ್ತರದ ಯಾವುದೋ ಊರಿನಿಂದ ವರ್ಗವಾಗಿ ಬಂದವ. ಅಂಥ ಹುಡುಗನಿಗೆ ಕಾರಣ ಹೇಳಿದರೆ ನಕ್ಕುಬಿಡುತ್ತಾನೆ.

ಈ ಸೀಮೆಯ ಕುದುರೆ ಕಟುಕರು ಕುದುರೆಯ ಪುಸ್ತಕ ತೆರೆಯುವುದಿಲ್ಲ. ಮೊದಲ ಪುಟದಲ್ಲೇ ಹೆಸರಿರುತ್ತದೆ. ಹೆಸರು ಕಿವಿಗೆ ಬಿದ್ದರೆ ಕೈ ನಡುಗುತ್ತದೆ ಎಂದು ಪಂತಲೇಯೊನ ಅಜ್ಜ ಹೇಳುತ್ತಿದ್ದ. ಅಜ್ಜನ ಕಾಲದಲ್ಲಿ ಪುಸ್ತಕವೇ ಇರಲಿಲ್ಲ; ಮಾರುವವನು “ಕೆಂಪನೇದು”, “ಕಪ್ಪನೇದು” ಎಂದಷ್ಟೇ ಹೇಳಿ, ಹಗ್ಗ ಕೊಟ್ಟು, ತಿರುಗಿ ನೋಡದೆ ಹೋಗುತ್ತಿದ್ದ. ಆಮೇಲೆ ಸರ್ಕಾರ ಪ್ರತಿ ಕುದುರೆಗೂ ಒಂದೊಂದು ಪಾಸ್‌ಪೋರ್ಟ್ ಕೊಟ್ಟಿತು. ಸಮುದ್ರ ದಾಟದ ಪಂತಲೇಯೊಗೆ ಇಲ್ಲದ ಪಾಸ್‌ಪೋರ್ಟು, ಹೊಲ ದಾಟದ ಕುದುರೆಗೆ! ಅಪ್ಪ ಆ ಹೊಸ ಪೀಡೆಯನ್ನು ಹೆಬ್ಬೆರಳಿನಿಂದ ನಿಭಾಯಿಸಿದ: ಹೆಸರಿನ ಸಾಲಿನ ಮೇಲೆ ಬೆರಳೊತ್ತಿ ಹಿಡಿದು ಪುಟ ತಿರುಗಿಸುವುದು. ಪಂತಲೇಯೊ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಪುಸ್ತಕವನ್ನು ಮುಚ್ಚಿದ್ದ ಹಾಗೇ ಇಸಿದುಕೊಂಡು, ಮುಚ್ಚಿದ್ದ ಹಾಗೇ ವೈದ್ಯನಿಗೆ ಕೊಡುತ್ತಿದ್ದ. ನಲವತ್ತೆಂಟು ವರ್ಷದ ಕಸುಬಿನಲ್ಲಿ ಒಂದು ಕುದುರೆಯ ಹೆಸರೂ ಅವನ ಕಿವಿಗೆ ಬಿದ್ದಿರಲಿಲ್ಲ.

ಅದರಲ್ಲೂ ಇದು ಚೆಸಾರಿಯೊನ ಕುದುರೆ. ಚಿಕ್ಕಂದಿನಿಂದ ಜೊತೆಗೆ ಇಸ್ಪೀಟಾಡಿದವನ ಕುದುರೆಗೆ ಪುಸ್ತಕ ಯಾರು ನೋಡುತ್ತಾರೆ? ಚೆಸಾರಿಯೊ ಗಾಡಿಯವನು. ಆಲಿವ್ ತೋಪುಗಳು ಬದುಕಿದ್ದಾಗ ಕಾಯಿ ಮೂಟೆ ಹೊತ್ತ. ರೋಗ ಬಂದು ತೋಪೆಲ್ಲ ಒಣಗಿದ ಮೇಲೆ ಬೇಸಿಗೆಯಲ್ಲಿ ಬರುವ ಪ್ರವಾಸಿಗಳನ್ನು ಹೊತ್ತ. ಕಳೆದ ತಿಂಗಳು ಲಾಯದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಕನ್ಯಾಸ್ತ್ರೀಯರ ಆಸ್ಪತ್ರೆ ಸೇರಿದ್ದ. ಅವನಿಗೆ ಉಳಿದವನು ಒಬ್ಬ ಸೋದರಳಿಯ, ರೊಕ್ಕೊ. ಹೆಸರಿಗೆ ತಕ್ಕ ಹಾಗೆ ರೊಕ್ಕದ ಮೇಲೇ ಕಣ್ಣು. ಬಾರಿ ಪಟ್ಟಣದ ಬಂದರಿನ ಕಡೆ ಹೋಗುವ ವ್ಯಾಪಾರಿಯ ಲಾರಿಗೆ ಕುದುರೆಯನ್ನು ಹತ್ತಿಸಲು ಅವನು ಆಗಲೇ ಮಾತಾಡಿಟ್ಟಿದ್ದ.

ಅದಕ್ಕೇ ಚೆಸಾರಿಯೊ ಪಂತಲೇಯೊನನ್ನು ಹಾಸಿಗೆಯ ಹತ್ತಿರ ಕರೆಸಿಕೊಂಡಿದ್ದು.

“ಲಾರೀಲಿ ಎರಡು ದಿನ ನೀರಿಲ್ದೆ ನಿಂತು, ಯಾವನೋ ಗೊತ್ತಿಲ್ಲದೋನ ಕೈಲಿ ಸಾಯೋದು ಬೇಡ ಕಣೋ. ನಿನ್ನ ಕೈಲೇ ಆಗ್ಲಿ. ಮಾತು ಕೊಡು.”

“ಕೊಟ್ಟೆ. ನನ್ನ ಕೈಲೇ.”

“ಲಾರಿ ಹತ್ತಿಸಲ್ಲ ತಾನೆ?”

“ಹತ್ತಿಸಲ್ಲ ಅಂದ್ನಲ್ಲ ಮಾರಾಯ. ಬೆಲೆ ಹೇಳು.”

“ನೀನು ಹೇಳಿದ್ದೇ ಬೆಲೆ,” ಎಂದಿದ್ದ ಚೆಸಾರಿಯೊ. ಒಂದು ಲೋಟ ಕಾಫಿಗೂ ಚೌಕಾಸಿ ಮಾಡುವ ಮನುಷ್ಯ! ಅನುಮಾನ ಬರಬೇಕಾಗಿದ್ದದ್ದು ಅಲ್ಲೇ. ಬರಲಿಲ್ಲ. ಅಂಗೈಗೆ ಅಂಗೈ ಹೊಡೆದರು. ಹಾಗೆ ಹೊಡೆದ ಮೇಲೆ ಕುದುರೆಯೂ ವಾಪಸು ಹೋಗುವಂತಿಲ್ಲ, ಮಾತೂ ಹೋಗುವಂತಿಲ್ಲ.

“ಈಗೇನು ಮಾಡ್ಲಿ?” ಎಂದ ಪಂತಲೇಯೊ, ಏಪ್ರನ್ನು ಬಿಚ್ಚುತ್ತ.

“ಮನೆಗೆ ಕರ್ಕೊಂಡು ಹೋಗಿ,” ಎಂದ ವೈದ್ಯ, ಪುಸ್ತಕ ವಾಪಸು ಕೊಡುತ್ತ. “ಸಾಕಿ. ಇನ್ನೂ ಹತ್ತು ವರ್ಷ ಆರಾಮಾಗಿ ಬದುಕುತ್ತೆ. ನೀವು ನೋಡ್ಕೋಬೇಕು, ಅಷ್ಟೇ.”

*

ಕುದುರೆಯನ್ನು ತಂದಿಳಿಸಿದ್ದ ಬಾಡಿಗೆ ಗಾಡಿ ಆಗಲೇ ಹೊರಟುಹೋಗಿತ್ತು. ಕುದುರೆ ಕೊಯ್ಯಲು ಬಂದವನನ್ನು ಕುದುರೆಯ ಜೊತೆ ವಾಪಸು ಕರೆದೊಯ್ಯಬೇಕಾದೀತು ಎಂದು ಯಾವ ಡ್ರೈವರು ಕಾಯುತ್ತಾನೆ? ಪಂತಲೇಯೊ ಹಗ್ಗ ಹಿಡಿದು ನಡೆದೇ ಹೊರಟ. ನಾಲ್ಕು ಕಿಲೋಮೀಟರು. ರಸ್ತೆಯ ಎರಡೂ ಕಡೆ ಸತ್ತ ಆಲಿವ್ ಮರಗಳು, ಬೂದಿ ಬಣ್ಣದ ಕೈಗಳನ್ನು ಮೇಲೆತ್ತಿ ನಿಂತಿದ್ದವು. ಒಂದು ಎಲೆಯೂ ಇಲ್ಲದ್ದರಿಂದ ನೆರಳು ಕೂಡ ಅಸ್ಥಿಪಂಜರದ ಹಾಗೆ ನೆಲದ ಮೇಲೆ ಬಿದ್ದಿತ್ತು.

ಊರು ತಲುಪುವ ಹೊತ್ತಿಗೆ ಸರಿಯಾಗಿ ಉರಿಮಧ್ಯಾಹ್ನ. ಒಂದೂವರೆಯಿಂದ ನಾಲ್ಕರವರೆಗೆ ಊರು ಊರೇ ಅಲ್ಲ. ಬಿಳಿ ಕಲ್ಲಿನ ಗೋಡೆಗಳು ಕಣ್ಣು ಕುಕ್ಕುತ್ತವೆ, ಹಸಿರು ಕಿಟಕಿಗಳೆಲ್ಲ ಮುಚ್ಚಿರುತ್ತವೆ, ನಾಯಿ ಕೂಡ ಬೊಗಳುವುದಿಲ್ಲ. ದೇಹ ಇದ್ದವರು ಮಲಗುವ ಹೊತ್ತು, ಇಲ್ಲದವರು ತಿರುಗಾಡುವ ಹೊತ್ತು. ಮಕ್ಕಳು ಹಟ ಮಾಡಿದರೆ ಇಲ್ಲಿನ ತಾಯಂದಿರು ಕತ್ತಲೆಯ ಹೆಸರು ಹೇಳಿ ಹೆದರಿಸುವುದಿಲ್ಲ, ಮಧ್ಯಾಹ್ನದ ಹೆಸರು ಹೇಳುತ್ತಾರೆ.

ಅಂಥ ಹೊತ್ತಿನಲ್ಲಿ ಟಕ್, ಟಕ್, ಟಕ್, ಟಕ್ ಎಂದು ಕಲ್ಲು ಹಾಸಿದ ಬೀದಿಯಲ್ಲಿ ಲಾಳದ ಸದ್ದು. ಒಂದು ಕಿಟಕಿ ಬೆರಳಗಲ ತೆರೆಯಿತು.

“ಯಾರೇ ಅದು?”

“ಪಂತಲೇಯೊ ಕಣೇ. ಕುದುರೆ ಜೊತೆ.”

“ಬದುಕಿದಾನಾ?”

“ಅವನೋ ಕುದುರೆಯೋ?”

“ಇಬ್ರೂ!”

ಕಿಟಕಿ ಮುಚ್ಚಿತು. ಒಳಗೆ ಯಾರೋ ಶಿಲುಬೆಯ ಗುರುತು ಮಾಡಿಕೊಂಡಿರಬೇಕು. ಪಂತಲೇಯೊ ನಗಲಿಲ್ಲ. ಮಧ್ಯಾಹ್ನದ ಈ ಗೊರಸಿನ ಸದ್ದು ಅವನಿಗೆ ಹೊಸದಾಗಿರಲಿಲ್ಲ.

ಮಾರ್ಚಿ ತಿಂಗಳಲ್ಲಿ ಟಿವಿಯಲ್ಲಿ ಸುದ್ದಿ ಬಂದಿತ್ತು: ತಿನ್ನುವುದಕ್ಕಾಗಿ ಕುದುರೆ ಕೊಯ್ಯುವುದನ್ನು ನಿಷೇಧಿಸುವ ಮಸೂದೆ ಮತ್ತೆ ರೋಮಿನಲ್ಲಿ ಮಂಡನೆಯಾಗಿದೆ, ಕುದುರೆಯನ್ನು ನಾಯಿ ಬೆಕ್ಕಿನ ಸಾಲಿಗೆ ಸೇರಿಸುತ್ತಾರಂತೆ ಎಂದು. ಅದೇ ವಾರ ಅವನಿಗೆ ಮೊದಲ ಸಲ ಕೇಳಿಸಿತು. ಅಂಗಡಿಯ ಷಟರು ಅರ್ಧ ಎಳೆದು, ಒಳಗಿನ ತಣ್ಣನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಓಣಿಯಲ್ಲಿ ಗೊರಸಿನ ಸದ್ದು. ಒಂದು ಹೋಯಿತು. ಹಿಂದೆಯೇ ಇನ್ನೊಂದು. ಇನ್ನೊಂದು. ಅವಸರವಿಲ್ಲದೆ, ಸಾಲಾಗಿ, ನೀರಿಗೆ ಹೋಗುವ ಹಾಗೆ. ಷಟರೆತ್ತಿ ನೋಡಿದರೆ ಬರೀ ಬಿಸಿಲು.

ಅಪ್ಪನಿಗೂ ಹೀಗೇ ಆಗಿತ್ತು. ಕೊನೆಯ ಎರಡು ವರ್ಷ, ಊಟವಾಗಿ ಮಲಗಿದೊಡನೆ ಮಂಚದ ಅಂಚಿಗೆ ಸರಿದುಬಿಡುತ್ತಿದ್ದ. “ಜಾಗ ಬಿಡಿ, ಬರ್ತಾ ಇದಾವೆ,” ಎನ್ನುತ್ತಿದ್ದ. ಅವ್ವ ಬೈದು ಮಧ್ಯಕ್ಕೆ ಎಳೆದರೆ ಮತ್ತೆ ಅಂಚಿಗೆ. ಒಂದು ಮಧ್ಯಾಹ್ನ ಆ ಅಂಚಿನಲ್ಲೇ ಸತ್ತಿದ್ದ, ಅರ್ಧ ಮಂಚವನ್ನು ಯಾರಿಗೋ ಬಿಟ್ಟುಕೊಟ್ಟು.

ಪಂತಲೇಯೊ ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಇಸ್ಪೀಟಾಡುವಾಗ ಚೆಸಾರಿಯೊಗೆ ಮಾತ್ರ ಹೇಳಿದ್ದ. ಚೆಸಾರಿಯೊ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ್ದ, ಅದೇ ಸಮಯ ನೋಡಿ ಒಂದು ಎಲೆಯನ್ನೂ ಬದಲಾಯಿಸಿದ್ದ.

*

“ಇದೇನ್ರೀ, ಹೋದ ಮಾಂಸ ನಡ್ಕೊಂಡು ವಾಪಸ್ ಬಂತು?” ಎಂದಳು ಅವನ ಹೆಂಡತಿ ಕೊಂಚೆತ್ತ, ಹಿತ್ತಲ ಬಾಗಿಲಲ್ಲಿ ಸೌಟು ಹಿಡಿದು ನಿಂತು.

ಅವನು ಹೇಳಿದ. ಅವಳು ಕೇಳಿದಳು. ಆಮೇಲೆ ಕುದುರೆಯನ್ನು ತಲೆಯಿಂದ ಬಾಲದವರೆಗೆ ನೋಡಿ, “ನನ್ನ ತುಳಸಿ ಕುಂಡ ಮಾತ್ರ ಆಚೆ ಇಡ್ತೀನಿ,” ಎಂದಳು. ಕೊಂಚೆತ್ತಳ ಅಡುಗೆಮನೆಯ ತುಳಸಿ ಪೂಜೆಯದಲ್ಲ, ಟೊಮೇಟೊ ಸಾರಿಗೆ ಹಾಕುವ ಅವಳ ಊರಿನ ತುಳಸಿ. ಆದರೂ ಅವಳು ಅದನ್ನು ಕಾಯುತ್ತಿದ್ದ ಪರಿ ಪೂಜೆಗೆ ಕಡಿಮೆಯಿರಲಿಲ್ಲ.

ಕುದುರೆ ಹಿತ್ತಲಿನ ಗೋಡೆ ಪಕ್ಕ ನಿಂತಿತು. ಪಂತಲೇಯೊ ಬಕೆಟ್ಟಿನಲ್ಲಿ ನೀರಿಟ್ಟ. ಮೂಸಲಿಲ್ಲ. ಬಾರ್ಲಿ ಇಟ್ಟ. ಮುಖ ತಿರುಗಿಸಿತು. ನಲವತ್ತೆಂಟು ವರ್ಷ ಕುದುರೆಗಳ ಜೊತೆ ಕಳೆದವನಿಗೆ ಒಂದು ಕುದುರೆಗೆ ನೀರು ಕುಡಿಸಲು ಬರುತ್ತಿರಲಿಲ್ಲ. ಅವನ ಹತ್ತಿರ ಬಂದ ಕುದುರೆ ಯಾವುದೂ ಬಾಯಾರುವಷ್ಟು ಹೊತ್ತು ಇದ್ದದ್ದಿಲ್ಲ.

ಮರುದಿನ ಬೆಳಿಗ್ಗೆ ಕಾರ್ಮೆಲೊ ಬಂದ. ಜಿಲ್ಲೆಯ ಮಾಂಸದಂಗಡಿ ಸಂಘದ ಅಧ್ಯಕ್ಷ, ದನಿಗೂ ಹೊಟ್ಟೆಗೂ ಮಿತಿ ಇಲ್ಲದವನು. ಗುರುವಾರ ಪುರಸಭೆಯಲ್ಲಿ ಸಭೆಯಿತ್ತು. ಮಸೂದೆಯ ಬಗ್ಗೆ ಊರಿನ ಅಭಿಪ್ರಾಯವನ್ನು ರೋಮಿಗೆ ಕಳಿಸಬೇಕಾಗಿತ್ತು. ಲೆಚ್ಚೆ ಪಟ್ಟಣದಿಂದ ಟಿವಿಯವರು ಬರುವವರಿದ್ದರು. ಸಂಘದ ಪರವಾಗಿ ಮಾತಾಡಬೇಕಾದವನು ಪಂತಲೇಯೊ: ಮೂರು ತಲೆಮಾರಿನ ಅಂಗಡಿ, ಗೋಡೆಯ ಮೇಲೆ ಮೀಸೆ ತಿರುವಿದ ಅಜ್ಜನ ಫೋಟೊ, ಬಾಗಿಲ ಮೇಲೆ ತಗಡಿನ ಕುದುರೆ ತಲೆ. ಟಿವಿಗೆ ಇನ್ನೇನು ಬೇಕು?

“ನೀನು ಜಾಸ್ತಿ ಹೇಳೋದು ಬೇಡ,” ಎಂದ ಕಾರ್ಮೆಲೊ. “ರಕ್ತ ಕಮ್ಮಿ ಇರೋ ಮಕ್ಕಳಿಗೆ ಡಾಕ್ಟ್ರುಗಳೇ ಚೀಟಿ ಬರೆದು ನಿಮ್ಮಪ್ಪನ ಅಂಗಡಿಗೆ ಕಳಿಸ್ತಿದ್ರು ಅಂತ ಹೇಳು. ಆಮೇಲೆ ಸ್ವಲ್ಪ ಅಳು. ಬಡವರು ಏನು ತಿನ್ಬೇಕು ಅಂತ... ಏನದು ಸದ್ದು?”

ಹಿತ್ತಲಲ್ಲಿ ಕುದುರೆ ಕೆನೆದಿತ್ತು. ಕಾರ್ಮೆಲೊ ಹೋಗಿ ನೋಡಿ ಬಂದವನು ಬೆವರು ಒರೆಸಿಕೊಂಡ.

“ಏನಯ್ಯಾ ಇದು? ಗುರುವಾರ ಟಿವಿಯವರು ಅಂಗಡಿ ತೋರ್ಸಿ ಅಂತಾರೆ. ‘ಕೊಯ್ಯೋದು ನಮ್ಮ ಹಕ್ಕು’ ಅಂತ ಮುಂದ್ಗಡೆ ನೀನು ಅಂತಿರ್ತೀಯ, ಹಿಂದ್ಗಡೆ ಇದು ‘ಹೌದೌದು’ ಅಂತಿರುತ್ತೆ!”

“ಪುಸ್ತಕದಲ್ಲಿ ಸಹಿ ಬಿದ್ದಿದೆ ಕಾರ್ಮೆಲೊ.”

“ಪುಸ್ತಕಗಳು ಕಳೆದೋಗ್ತವೆ. ಹೊಸವು ಹುಟ್ತವೆ. ಬುಧವಾರ ಸಂಜೆ ನಮ್ಮೋನೊಬ್ಬ ಲಾರಿ ತರ್ತಾನೆ. ಬೆಳಗಾಗೋದ್ರೊಳಗೆ ಬೇರೆ ಜಿಲ್ಲೆ, ಬೇರೆ ಪುಸ್ತಕ, ಬೇರೆ ಹೆಸರು. ನಿಂಗೇನೂ ಕಷ್ಟ ಇಲ್ಲ.”

“ಲಾರಿ ಹತ್ತಿಸಲ್ಲ ಅಂತ ಮಾತು ಕೊಟ್ಟಿದೀನಿ.”

“ಸೊಂಟ ಮುರಿದು ಮಲಗಿರೋ ಮುದುಕನಿಗೆ ಕೊಟ್ಟ ಮಾತು! ಬುಧವಾರ ಸಂಜೆ ಏಳಕ್ಕೆ ಲಾರಿ ಬರುತ್ತೆ, ಅಷ್ಟೇ,” ಎಂದು ಕಾರ್ಮೆಲೊ ಹೊರಟ. ಹೋಗುವಾಗ ಅರ್ಧ ಕಿಲೊ ಕೈಮಾ ಕಟ್ಟಿಸಿಕೊಳ್ಳುವುದನ್ನು ಮರೆಯಲಿಲ್ಲ.

ಅವನು ಓಣಿಯ ತಿರುವು ದಾಟಿದ್ದೇ ತಡ, ಇಲಾರಿಯ ಬಂದಳು. ಔಷಧದಂಗಡಿಯವರ ಮಗಳು. ಒಂದು ತಿಂಗಳಿಂದ ಚೌಕದಲ್ಲಿ ಮೇಜು ಹಾಕಿಕೊಂಡು, ಕೊಡೆ ಕೆಳಗೆ ಕೂತು, ನಿಷೇಧಕ್ಕೆ ಸಹಿ ಸಂಗ್ರಹಿಸುತ್ತಿದ್ದಳು. ಮೇಜಿನ ಮೇಲೆ ದೊಡ್ಡ ಕಣ್ಣಿನ ಕುದುರೆಮರಿಯ ಚಿತ್ರ. ಊರಿನ ಗಂಡಸರು ಅವಳ ಹತ್ತಿರ ಸಹಿ ಹಾಕಿ, ನೇರ ನಡೆದು ಪಂತಲೇಯೊನ ಅಂಗಡಿಯಲ್ಲಿ ಮಾಂಸ ಕೊಳ್ಳುತ್ತಿದ್ದರು. ಸಹಿ ಅವಳ ಚೆಲುವಿಗೆ, ರುಚಿ ತಮ್ಮ ನಾಲಿಗೆಗೆ.

“ಅಜ್ಜ, ನಿಜಾನಾ?” ಎಂದಳು. “ಊರೆಲ್ಲ ಹೇಳ್ತಿದಾರೆ, ನೀವು ಕಸಾಯಿಖಾನೆ ಬಾಗಿಲಿಂದ ಕುದುರೆ ಉಳಿಸಿಕೊಂಡು ಬಂದ್ರಿ ಅಂತ.”

“ಉಳಿಸಲಿಲ್ಲ ಮಗ. ಉಳ್ಕೊಳ್ತು.”

“ಒಂದು ಫೋಟೊ ತಗೊಳ್ಳಾ? ನೀವು ಅದರ ಕೊರಳು ತಬ್ಬಿಕೊಂಡಿರೋ ಹಾಗೆ?”

“ತಬ್ಬಿಕೊಳ್ಳೋಷ್ಟು ಪರಿಚಯ ಇಲ್ಲ.”

ಅವಳು ನಕ್ಕಳು. ಆಮೇಲೆ ಸಹಿಯ ಹಾಳೆಯನ್ನು ಕೌಂಟರಿನ ಮೇಲಿಟ್ಟು, ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟಳು. “ನಿಮ್ಮ ಒಂದು ಸಹಿ ಬಿದ್ರೆ ಉಳಿದ ಸಾವಿರ ಬೇಕಾಗಲ್ಲ ಅಜ್ಜ. ಕಾನೂನು ಬಂದ್ರೆ ಈ ದೇಶದ ಎಲ್ಲಾ ಕುದುರೆ ಉಳಿಯುತ್ತೆ.”

ಪಂತಲೇಯೊ ಹಾಳೆ ನೋಡಿದ. “ಇದು ಮುಂದಿನವಕ್ಕೆ. ಹಿಂದೆ ಹೋದವಕ್ಕೆ ಯಾವ ಕಾಗದ ಇದೆ?”

ಇಲಾರಿಯಳ ನಗು ನಿಂತಿತು.

“ಐದು ವರ್ಷ ಆಗೋವರೆಗೂ ನೀನು ಕಡ್ಡಿ ಥರ ಇದ್ದೆ,” ಎಂದ ಅವನು. “ನಿಮ್ಮಪ್ಪ ಅಂಗಡಿ ತುಂಬ ಮಾತ್ರೆ ಇಟ್ಕೊಂಡು, ವಾರಕ್ಕೆರಡು ಸಲ ನಿನ್ನನ್ನ ಎತ್ಕೊಂಡು ನನ್ನ ಹತ್ರ ಬರೋರು. ಎರಡು ಸಲ ಅರೆದು ಕೊಡ್ತಿದ್ದೆ, ನಿಂಗೆ ಅಗಿಯೋಕೆ ಆಗ್ತಿರಲಿಲ್ಲ. ಬೈತಾ ಇಲ್ಲ ಮಗ. ನೆನಪು ಮಾಡಿದೆ.”

“ಗೊತ್ತು ಅಜ್ಜ,” ಎಂದಳು ಅವಳು ಮೆಲ್ಲಗೆ. “ಅದಕ್ಕೇ ಆ ಬಿಸಿಲಲ್ಲಿ ಕೂತಿದೀನಿ.”

ಹಾಳೆಯನ್ನು ಮಡಚಿಕೊಂಡು ಹೋದಳು. ಪೆನ್ನು ಅಲ್ಲೇ ಉಳಿಯಿತು.

*

ಬುಧವಾರದ ಹೊತ್ತಿಗೆ ಪಂತಲೇಯೊ ನಿರ್ಧಾರ ಮಾಡಿದ್ದ. ಲಾರಿ ಬರುವ ಮೊದಲು ತಾನೇ ಮುಗಿಸುವುದು. ಕಸಾಯಿಖಾನೆಯಲ್ಲಿ ಆಗದಿದ್ದರೆ ಹಿತ್ತಲಲ್ಲಿ. ಸಿಕ್ಕಿಬಿದ್ದರೆ ಅಂಗಡಿಗೆ ಬೀಗ, ತನಗೆ ಕೋರ್ಟು, ಅದೆಲ್ಲ ಗೊತ್ತಿತ್ತು. ಮಾಂಸ ಮಾರುವ ಆಸೆ ಒಂದು ಚೂರೂ ಇರಲಿಲ್ಲ. ಚೆಸಾರಿಯೊನ ಅಂಗೈಗೆ ಹೊಡೆದ ಅಂಗೈ ಇದು. ಗೋಡೆಯ ಹಿಂದಿನ ಒಣಗಿದ ತೋಪು ತನ್ನದೇ; ಅಲ್ಲಿ ಹೂಳಿದರೆ ಕೇಳುವವರಿಲ್ಲ. ಊರು ಮಲಗಿದ್ದಾಗ ಒಂದು ಸದ್ದು. ಯಾರೋ ಕಿಟಕಿ ಬಡಿದರು ಅಂದುಕೊಳ್ಳುತ್ತಾರೆ.

ಕೊಂಚೆತ್ತ ಊಟ ಮುಗಿಸಿ ಮಲಗಿದಳು. ಅವನು ಅಜ್ಜನ ಪೆಟ್ಟಿಗೆಯಿಂದ ಹಣೆಗೊತ್ತಿ ಹೊಡೆಯುವ ಹಳೆಯ ಪಿಸ್ತೂಲು ತೆಗೆದು, ಟವಲಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಬಂದ.

ಬಿಸಿಲು ಹಿತ್ತಲಿನ ಮೇಲೆ ಬಿಳಿ ಬಟ್ಟೆಯ ಹಾಗೆ ಹಾಸಿತ್ತು. ಕುದುರೆ ಓಣಿಯ ಕಡೆಯ ಮೋಟುಗೋಡೆಗೆ ಮುಖಮಾಡಿ ನಿಂತಿತ್ತು. ಅವನು ಹತ್ತಿರ ಹೋಗಿ ಎಡಗೈಯನ್ನು ಅದರ ಹಣೆಯ ಮೇಲಿಟ್ಟ. ಆ ಕಿವಿಯಿಂದ ಈ ಕಣ್ಣಿಗೊಂದು ಗೆರೆ, ಈ ಕಿವಿಯಿಂದ ಆ ಕಣ್ಣಿಗೊಂದು ಗೆರೆ; ಎರಡೂ ಕೂಡುವ ಜಾಗ. ಕಣ್ಣು ಮುಚ್ಚಿದರೂ ಕೈ ಅಲ್ಲಿಗೇ ಹೋಗುತ್ತದೆ. ಅಂಗೈ ಕೆಳಗೆ ಕೂದಲು ಬೆಚ್ಚಗಿತ್ತು. ಕುದುರೆ ಅಲುಗಲಿಲ್ಲ. ಅವನು ಬಲಗೈಯಲ್ಲಿ ಟವಲು ಬಿಡಿಸಿದ.

ಆಗ ಸದ್ದು ಬಂತು. ಓಣಿಯ ಆ ತುದಿಯಿಂದ. ಟಕ್, ಟಕ್. ಅವಸರವಿಲ್ಲದೆ.

ಬರುತ್ತದೆಂದು ಅವನಿಗೆ ಗೊತ್ತೇ ಇತ್ತು. ಹಲ್ಲು ಕಚ್ಚಿ ಕಾದ. ಆದರೆ ಅಂಗೈಯ ಕೆಳಗೆ ಹಣೆ ಸರಿಯಿತು. ಕುದುರೆಯ ಎರಡೂ ಕಿವಿಗಳು ಓಣಿಯ ಆ ತುದಿಗೆ ನೆಟ್ಟಿದ್ದವು. ಆಮೇಲೆ ನಿಧಾನವಾಗಿ ತಿರುಗತೊಡಗಿದವು. ಕಿವಿಯ ಜೊತೆ ಕಣ್ಣು, ಕಣ್ಣಿನ ಜೊತೆ ತಲೆ, ತಲೆಯ ಮೇಲಿದ್ದ ಅವನ ಕೈ. ಯಾವುದೋ ಒಂದು ಗೋಡೆಯಾಚೆ ಹಾದುಹೋಗುವುದನ್ನು ಅದು ಈ ತುದಿಯವರೆಗೂ ನೋಡಿತು. ತಟ್ಟನೆ ಮತ್ತೆ ಆ ತುದಿಗೆ ತಿರುಗಿತು. ಎರಡನೆಯದನ್ನೂ ನೋಡಿತು. ಮೂರನೆಯದನ್ನೂ.

ಗೋಡೆ ಪಂತಲೇಯೊನ ಎದೆಮಟ್ಟಕ್ಕಿತ್ತು. ಆಚೆ ಬಿಸಿಲು, ಬಿಳಿ ಕಲ್ಲು, ಮುಚ್ಚಿದ ಕಿಟಕಿಗಳು. ಬೇರೇನೂ ಇರಲಿಲ್ಲ. ಮೂರು ತಿಂಗಳಿಂದ ತನ್ನ ಕಿವಿಯ ದೋಷವೆಂದು, ವಯಸ್ಸೆಂದು, ಅಪ್ಪನ ಬಳುವಳಿಯೆಂದು ತನಗೆ ತಾನೇ ಹೇಳಿಕೊಂಡದ್ದನ್ನೆಲ್ಲ ಆ ಎರಡು ಕಿವಿಗಳು ಇಲ್ಲವೆನ್ನುತ್ತಿದ್ದವು.

ಸದ್ದು ಹಿತ್ತಲ ಬಾಗಿಲ ಹತ್ತಿರ ಬಂದು ನಿಂತಿತು.

ಕುದುರೆ ಗಂಟಲಿನಲ್ಲೇ ಸಣ್ಣಗೆ ಕೆನೆಯಿತು, ಗುರುತಿದ್ದವರನ್ನು ಕಂಡಾಗ ಮಾಡುವ ಹಾಗೆ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಪಂತಲೇಯೊ ಕೂಡ ಸರಿದ. ಸರಿದೆನೆಂದು ಅವನಿಗೆ ಗೊತ್ತಾದದ್ದು ಬೆನ್ನು ಗೋಡೆಗೆ ತಾಗಿದಾಗ. ಹಿತ್ತಲು ಅಷ್ಟು ದೊಡ್ಡದು, ಅದರ ಮಧ್ಯೆ ಅಷ್ಟು ಬಿಸಿಲು. ಅವನೂ ಕುದುರೆಯೂ ಒಂದು ಮೂಲೆಯಲ್ಲಿ ಪಕ್ಕಪಕ್ಕ ಒತ್ತಿಕೊಂಡು ನಿಂತಿದ್ದರು. ಕುದುರೆಯ ಪಕ್ಕೆ ಏರಿ ಇಳಿಯುವುದು ಅವನ ಭುಜಕ್ಕೆ ತಿಳಿಯುತ್ತಿತ್ತು. ಎಷ್ಟು ಹೊತ್ತೋ. ನಾಲ್ಕರ ಗಂಟೆ ಹೊಡೆದಾಗ ಎಲ್ಲೋ ಒಂದು ಕಿಟಕಿ ತೆರೆಯಿತು, ಒಂದು ಮಗು ಅತ್ತಿತು.

ಪಿಸ್ತೂಲನ್ನು ಮತ್ತೆ ಟವಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

*

“ಚಿಟ್ಟೆ! ಬಾ, ಚಿಟ್ಟೆ!”

ಕೊಂಚೆತ್ತ ಹಿತ್ತಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಕುದುರೆ ಕೊರಳು ಚಾಚಿ ಒಂದೇ ಉಸಿರಿಗೆ ಅರ್ಧ ಬಕೆಟ್ಟು ಕುಡಿಯಿತು. ಅಡುಗೆಮನೆಯ ಬಾಗಿಲಲ್ಲಿದ್ದ ಗಂಡನನ್ನು ಕಂಡು ಅವಳು ನಾಲಿಗೆ ಕಚ್ಚಿಕೊಂಡಳು.

“ಏನಂದೆ?”

“ಅದ್ರ ಹೆಸರು. ಪುಸ್ತಕದಲ್ಲಿದೆ. ಮೂರು ದಿನದಿಂದ ಹಾಗೇ ಕರೆದು ನೀರು ಕುಡಿಸ್ತಿದೀನಿ, ನೀವು ಮಲಗಿದ್ದಾಗ. ಇಲ್ದಿದ್ರೆ ಅದು ಬಾಯಾರಿ ಸಾಯ್ಬೇಕಾ?”

ಆ ಆಳೆತ್ತರದ ಗಾಡಿ ಕುದುರೆಗೆ, ತಟ್ಟೆಯಗಲ ಗೊರಸಿನ ಕುದುರೆಗೆ, ಚಿಟ್ಟೆ! ಇಂಥ ಹೆಸರು ಹೊಳೆಯುವುದು ಚೆಸಾರಿಯೊ ಒಬ್ಬನಿಗೇ. ಪಂತಲೇಯೊ ಮೆಟ್ಟಿಲ ಮೇಲೆ ಕೂತ.

“ಇನ್ನೊಂದು ವಿಷ್ಯ,” ಎಂದಳು ಕೊಂಚೆತ್ತ, ಏಪ್ರನ್ನಿನ ಜೇಬಿನಿಂದ ಪುಸ್ತಕ ತೆಗೆದು. “ನೀವು ಕುದುರೆ ವಿಷ್ಯ ಮಾತಾಡೋಕೆ ಆಸ್ಪತ್ರೆಗೆ ಹೋಗಿದ್ದು ಯಾವತ್ತು?”

“ಶುಕ್ರವಾರ. ಹದಿನೇಳು.”

“ಈ ಸಹಿ ನೋಡಿ. ಹದಿನಾರನೇ ತಾರೀಕು. ಮುಂಚಿನ ದಿನ. ಪುಸ್ತಕ ಆಸ್ಪತ್ರೆಗೆ ತರಿಸ್ಕೊಂಡು, ಆಫೀಸಿನೋರನ್ನ ಹಾಸಿಗೆ ಹತ್ರ ಕರೆಸ್ಕೊಂಡು, ಮೊಹರು ಹಾಕಿಸಿದಾನೆ ನಿಮ್ಮ ಗೆಳೆಯ.”

ಅವನು ಪುಸ್ತಕ ಇಸಿದುಕೊಂಡ. ತೆರೆದ ಪುಸ್ತಕ ಅವನ ಕೈಗೆ ಹಗುರವೆನಿಸಿತು. ನಡುಗುವ ಅಕ್ಷರಗಳಲ್ಲಿ ಚೆಸಾರಿಯೊನ ಹೆಸರು. ಬಾಲ ಎಳೆದು ಕೊನೆಗೊಂದು ಸುಳಿ.

ಅಳಿಯನ ಹತ್ತಿರ ಬಿಟ್ಟರೆ ಲಾರಿ. ಬೇರೆಯವರಿಗೆ ಕೊಟ್ಟರೆ, ಪುಸ್ತಕ ತೆರೆದು ನೋಡಿ, ಬೇಡವೆಂದು ವಾಪಸು ಕಳಿಸುತ್ತಾರೆ. ಪುಸ್ತಕ ತೆರೆಯದೆ, ಅಂಗೈ ಹೊಡೆದು, ಒಯ್ದು, ಆಮೇಲೆ ಏನೂ ಮಾಡಲಾಗದೆ ಇಟ್ಟುಕೊಳ್ಳುವವನು ಈ ಸೀಮೆಯಲ್ಲೆಲ್ಲ ಒಬ್ಬನೇ ಇದ್ದ.

“ಕಳ್ಳ ನನ್ಮಗ,” ಎಂದ ಪಂತಲೇಯೊ. “ಮಲಗಿದಲ್ಲೇ ಎಲೆ ಬದಲಾಯಿಸಿದಾನೆ.”

“ಲಾರಿ ಬಂದ್ರೆ ಏನನ್ಲಿ?”

“ಕುದುರೆ ಮನೇಲಿಲ್ಲ ಅನ್ನು.”

ಏಳು ಗಂಟೆಗೆ ಲಾರಿ ಬಂತು. ಕೊಂಚೆತ್ತ ಸೌಟು ಹಿಡಿದೇ ಬಾಗಿಲಿಗೆ ಹೋದಳು. ಲಾರಿ ಹೋಯಿತು.

ಗುರುವಾರದ ಸಭೆಗೆ ಪಂತಲೇಯೊ ಹೋಗಲಿಲ್ಲ. ಅವನ ಪಾಲಿನ ಅಳುವನ್ನೂ ಕಾರ್ಮೆಲೊ ತಾನೇ ಅತ್ತ. ಇಲಾರಿಯ ನಾಲ್ಕು ಮಾತಾಡಿ ಕೂತಳು. ಪುರಸಭೆಯವರು ಎರಡೂ ಕಡೆಯವರಿಗೆ ಚಪ್ಪಾಳೆ ತಟ್ಟಿ, ಕುದುರೆಯ ವಿಷಯವನ್ನು ಕತ್ತೆಯಷ್ಟು ಅವಸರದಲ್ಲಿ ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಸಮಿತಿಯ ಮೊದಲ ಊಟಕ್ಕೆ ಮಾಂಸ ಎಲ್ಲಿಂದ ತರಿಸುವುದು ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಬಂತಂತೆ. ಪಂತಲೇಯೊನ ಅಂಗಡಿಯ ಷಟರು ಅಂದಿನಿಂದ ಇಳಿದೇ ಇತ್ತು.

*

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಪಂತಲೇಯೊ ಕರಿ ಕೋಟು ತೊಟ್ಟು ಕನ್ಯಾಸ್ತ್ರೀಯರ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡಿದ್ದ. ಕೆಲವಂತೂ ಅಜ್ಜನ ಕಾಲದವು, ಈಗ ಬಳಕೆಯಲ್ಲಿಲ್ಲದವು.

ಚೆಸಾರಿಯೊ ಹಾಸಿಗೆಯಲ್ಲಿ ಇನ್ನೂ ಸಣ್ಣಗಾಗಿದ್ದ. ಮೂಗು ಮಾತ್ರ ಹಾಗೇ ಉಳಿದಿತ್ತು. ಪಕ್ಕದ ಕುರ್ಚಿಯಲ್ಲಿ ರೊಕ್ಕೊ ಮೊಬೈಲು ಉಜ್ಜುತ್ತ ಕೂತಿದ್ದ.

“ಬಂದ್ಯಾ,” ಎಂದ ಚೆಸಾರಿಯೊ. ಪಂತಲೇಯೊನ ಮುಖವನ್ನೊಮ್ಮೆ, ಅಳಿಯನ ಬೆನ್ನನ್ನೊಮ್ಮೆ ನೋಡಿದ. ಆಮೇಲೆ, ಕುದುರೆ ಕೊಟ್ಟವನು ಕುದುರೆ ಕೊಯ್ದವನನ್ನು ಒಂದೇ ಒಂದು ಸಲ ಕೇಳುವ ಪ್ರಶ್ನೆಯನ್ನು, ಕೇಳಲೇಬೇಕಾದ ದನಿಯಲ್ಲಿ ಕೇಳಿದ. “ಹೇಗೆ ಹೋಯ್ತು?”

ಅದಕ್ಕೆ ಉತ್ತರವೂ ಒಂದೇ. ಅಜ್ಜ ಹೇಳುತ್ತಿದ್ದದ್ದು, ಅಪ್ಪ ಹೇಳುತ್ತಿದ್ದದ್ದು. ಪಂತಲೇಯೊ ಎಷ್ಟೋ ಬಾಗಿಲುಗಳಲ್ಲಿ ಹ್ಯಾಟು ತೆಗೆದು ನಿಂತು ಅದನ್ನು ಹೇಳಿದ್ದ, ಕೆಲವು ಸಲ ಅದು ನಿಜವೂ ಆಗಿತ್ತು. ಜೋಡಿಸಿಕೊಂಡ ಬೈಗುಳಗಳನ್ನೆಲ್ಲ ಅವನು ಬದಿಗಿಟ್ಟ.

“ಅದಕ್ಕೆ ಗೊತ್ತೇ ಆಗ್ಲಿಲ್ಲ,” ಎಂದ.

“ಪುಣ್ಯ,” ಎಂದ ಚೆಸಾರಿಯೊ.

ರೊಕ್ಕೊ ತಲೆಯೆತ್ತದೆಯೇ, “ಒಳ್ಳೆ ಬೆಲೆ ಬರ್ತಿತ್ತು ಮಾವ,” ಎಂದ.

“ಹೋಗಿ ಕಾಫಿ ಕುಡ್ಕೊಂಡು ಬಾರೋ,” ಎಂದ ಚೆಸಾರಿಯೊ. ಅಳಿಯ ಹೋದ. ಕಿಟಕಿಯಾಚೆ ಬಿಸಿಲು ಏರುತ್ತಿತ್ತು.

“ಈಗ್ಲೂ ಕೇಳ್ಸುತ್ತಾ?” ಎಂದ ಚೆಸಾರಿಯೊ.

“ಕೇಳ್ಸುತ್ತೆ.”

“ಒಬ್ನಿಗೇನಾ?”

ಪಂತಲೇಯೊ ಅವನನ್ನೇ ನೋಡಿದ. “ಇಲ್ಲ,” ಎಂದ.

ಚೆಸಾರಿಯೊ ಬಲಗೈ ಚಾಚಿದ. ಕೈ ಕುಲುಕಲೆಂದು ಪಂತಲೇಯೊ ಬಾಗಿದ. ಆದರೆ ಆ ಬೆರಳುಗಳು ಅಂಗೈ ದಾಟಿ ಕೋಟಿನ ತೋಳಿನ ಮೇಲೆ ಹೋದವು, ಬಟ್ಟೆಗೆ ಅಂಟಿದ್ದ ಏನನ್ನೋ ನಿಧಾನವಾಗಿ ಹೆಕ್ಕಿದವು. ಉದ್ದನೆಯ ಒಂದು ಕೂದಲು, ಕೆಂಪನೆಯದು. ಬೆಳಿಗ್ಗೆ ಕೋಟು ತೊಟ್ಟ ಮೇಲೂ ಪಂತಲೇಯೊ ಹಿತ್ತಲಿಗೆ ಹೋಗಿದ್ದ. ಚೆಸಾರಿಯೊ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ತೋರುಬೆರಳಿಗೆ ಒಂದು ಸುತ್ತು ಸುತ್ತಿದ, ಇನ್ನೊಂದು ಸುತ್ತು ಸುತ್ತಿದ, ಮುಷ್ಟಿ ಮುಚ್ಚಿದ.

ಕನ್ಯಾಸ್ತ್ರೀ ಸೂಪಿನ ಬಟ್ಟಲು ತಂದಳು. ಚಮಚ ಹಿಡಿಯಿರಿ ಎಂದಳು. ಚೆಸಾರಿಯೊ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಎಡಗೈ ಚಾಚಿದ. ರೂಢಿಯಿಲ್ಲದ ಕೈ. ಪ್ರತಿ ಚಮಚವೂ ಅರ್ಧ ಗದ್ದದ ಮೇಲೆ ಸುರಿಯಿತು, ಕನ್ಯಾಸ್ತ್ರೀ ಗೊಣಗುತ್ತ ಒರೆಸಿದಳು. ಅವನು ಬಲಗೈ ಹೊರಗೆ ತೆಗೆಯಲಿಲ್ಲ.